ಕೆಂಪಾದ ಕಾಗದ

ಟಿ.ವಿ.ಯ ವಿಜ್ಞಾನದ ಮೇಷ್ಟ್ರು ಅರಿಶಿನ ಬಳಿದ ಕಾಗದವನ್ನು ಸೋಪಿನ ನೀರಿನಲ್ಲಿ ಅದ್ದಿದರು. ಕಾಗದ ಕೆಂಪಾಯಿತು. "ಒಳ್ಳೇ ನೀರಾದ್ರೆ ಹಳದಿಯೇ ಇರುತ್ತೆ. ನಿಮ್ಮನೆ ನೀರಲ್ಲಿ ಅದ್ದಿ, ಒಣಗಿಸಿ, ನನಗೆ ಕಳಿಸಿ ಮಕ್ಕಳೇ."

ಎಲ್ಲ ಕಡೆಯಿಂದ ಹಳದಿ ಕಾಗದಗಳು ಬಂದವು. ಒಂದೂರಿನಿಂದ ಬಂದ ನಲವತ್ತೂ ಕೆಂಪು.

"ಆ ಊರಲ್ಲಿರೋದು ನಮ್ಮ ಸ್ಪಾನ್ಸರ್ ಅವರ ಸೋಪ್ ಫ್ಯಾಕ್ಟರಿ ಸರ್," ಎಂದ ನಿರ್ಮಾಪಕ, ಬಾಗಿಲು ಮುಂದೆ ಮಾಡಿ. "ಇದನ್ನ ತೋರಿಸಿದ್ರೆ ನಮ್ಮ ಕಾರ್ಯಕ್ರಮ ಮುಗೀತು."

"ಮಕ್ಕಳು ಆ ನೀರು ಕುಡೀತಿದಾರೆ ಕಣಯ್ಯಾ."

"ಬೇರೆ ಏನಾದ್ರೂ ಕಾರಣ ಹೇಳಿ. ನೀವು ಏನು ಹೇಳಿದ್ರೂ ಆ ಮಕ್ಕಳು ನಂಬ್ತಾರೆ."

ಮುಂದಿನ ಕಂತಿನಲ್ಲಿ ಮೇಷ್ಟ್ರು ಕ್ಯಾಮೆರಾದತ್ತ ನೋಡದೆ ಹೇಳಿದರು: "ಕೆಲವರು ತಂದ ಅರಿಶಿನ ಕಲಬೆರಕೆ. ಅದಕ್ಕೇ ಕೆಂಪಾಗಿದೆ."

ವಾರದೊಳಗೆ ಅದೇ ಊರಿನಿಂದ ಇನ್ನೊಂದು ಲಕೋಟೆ ಬಂತು. ಒಳಗೆ ಒಂದು ಕೆಂಪು ಕಾಗದ, ಒಂದು ಹಳದಿ ಕಾಗದ, ಜೊತೆಗೆ ಏಳನೇ ತರಗತಿಯ ಹುಡುಗಿಯೊಬ್ಬಳ ಚೀಟಿ:

"ಸರ್, ಯಾರು ಹೇಳಿದರೂ ಸುಮ್ಮನೆ ನಂಬಬೇಡಿ, ಮಾಡಿ ನೋಡಿ ಅಂತ ನೀವೇ ಕಲಿಸಿದ್ದು. ಕೆಂಪು, ನಮ್ಮ ನಲ್ಲಿ ನೀರು. ಹಳದಿ, ಮಳೆ ನೀರು. ಅರಿಶಿನ ಒಂದೇ."