ಗಡ್ಡ ಹೆರೆಯುವಾಗ ಹೊಳೆದದ್ದು

ಬಚ್ಚಲಿನ ಕಿಟಕಿಯಲ್ಲಿ ಅವನ ಗಡ್ಡದ ಬ್ರಷ್ಷು ನೊರೆ ಒಣಗಿ ನಿಂತಿತ್ತು. ಅದರ ಬಿರುಗೂದಲಿಗೆ ಕರಿ ಚೂರುಗಳು ಅಂಟಿಕೊಂಡಿದ್ದವು. ಅವಳು ಅದನ್ನು ಎರಡೇ ಬೆರಳಲ್ಲಿ ಎತ್ತಿಕೊಂಡಳು. ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಎಂದಿನಂತೆ ಬಂದಿದ್ದ. ಅತ್ತೆ ಎಂದಿನಂತೆ ಹಾಲು ಉಕ್ಕಿಸಿದ್ದರು.

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಮದುವೆಯಾಗಿ ಬಂದಾಗಲೂ ಅದಕ್ಕೆ ಇದೇ ಚಿಂದಿ ಸುತ್ತಿತ್ತು. ಇಡೀ ಛತ್ರಿ ಕಾರ್ಖಾನೆಗೆ ಉಪಾಯ ಹೇಳುತ್ತಿದ್ದ ಗಂಡನಿಗೆ ಮನೆಯ ನಲ್ಲಿಗೊಂದು ಉಪಾಯ ಹೊಳೆದಿರಲಿಲ್ಲ. ಛೇಡಿಸಿದರೆ, "ನಂಗೆ ಹೊಳೆಯೋದು ಗಡ್ಡ ಹೆರೆಯೋವಾಗ ಕಣೇ, ನಲ್ಲಿ ನೋಡೋವಾಗಲ್ಲ," ಎಂದು ನಗುತ್ತಿದ್ದ. ಹೊಳೆದದ್ದು ಮರೆತುಹೋದೀತೆಂದು ಎಲ್ಲರಿಗಿಂತ ಮೊದಲೇ ಕಾರ್ಖಾನೆಗೆ ಓಡುತ್ತಿದ್ದ.

ಬ್ರಷ್ಷನ್ನು ಕಸಕ್ಕೆಸೆದು, ಗಡ್ಡದ ಡಬ್ಬಿಯನ್ನೂ ಅದರ ಮೇಲೆ ಬೋರಲು ಹಾಕಿದಳು. ಹಳೆಯ ಬ್ಲೇಡುಗಳ ಜೊತೆ ನೀಲಿ ದಾರ ಕಟ್ಟಿದ ಸಣ್ಣ ಬೀಗದ ಕೈಯೊಂದು ಬಿತ್ತು. ಕಪಾಟಿಗೆ ಹಾಕಿ ನೋಡಿದಳು, ಟ್ರಂಕಿಗೆ ಹಾಕಿ ನೋಡಿದಳು. ಯಾವುದಕ್ಕೂ ಕೂಡಲಿಲ್ಲ.

"ಅವನ ಮೇಜಿಂದಿರಬೇಕು. ಹೇಗೂ ಕಾರ್ಖಾನೆಗೆ ಹೋಗ್ತೀಯಲ್ಲ, ಕೊಟ್ಟು ಬಾ," ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿದರು. "ಕಾರ್ಖಾನೆ ಯಜಮಾನರು ಏನು ಹೇಳಿದರೂ ಹೂಂ ಅಂದುಬಿಡು ತಾಯಿ. ಈ ಮನೆ ಅವರದು. ಈ ವಯಸ್ಸಲ್ಲಿ ನನ್ನನ್ನ ಬೀದಿಗೆ ಹಾಕಬೇಡ."

ಯಜಮಾನರು ಹೇಳಿಯಾಗಿತ್ತು, ಅದೂ ಹೆಣದ ಎದುರಿಗೇ. ಗಂಡನ ಕುರ್ಚಿ ಅವಳಿಗೆ, ಮನೆಯೂ ಅವಳಿಗೇ. ಅವಳು ಮಾಡಬೇಕಾದದ್ದಿಷ್ಟೇ: ಸಭೆಗೆ ಬಂದು, ಗಂಡನ ಹೆಸರಿಟ್ಟ, ಕೆಲಸಗಾರರು ತಮಗೆ ಹೊಳೆದದ್ದನ್ನು ಬರೆದು ಹಾಕುವ ಉಪಾಯದ ಪೆಟ್ಟಿಗೆಗೆ ಮೊದಲ ಚೀಟಿ ಹಾಕುವುದು. ಸೆಂಟು ಹಚ್ಚಿದ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಇಷ್ಟನ್ನೂ ಹೇಳಿ ಹೋಗಿದ್ದರು.

ಕಾರ್ಖಾನೆಯ ಗೇಟಿನಾಚೆ ಚಹಾದ ಗಾಡಿಯವನು ಅವಳನ್ನು ಕಂಡು ಎದ್ದು ನಿಂತ. ಒಂದು ಕಾಲಕ್ಕೆ ಅವನು ಇದೇ ಗೇಟಿನೊಳಗೆ ಕಾವಲುಗಾರನಾಗಿದ್ದವನು. ಗಂಡ ಒಂದು ದಿನವೂ ಈ ಗಾಡಿಯ ಚಹಾ ಕುಡಿದದ್ದನ್ನು ಅವಳು ಕಂಡಿರಲಿಲ್ಲ. ಸ್ಕೂಟರಿನ ಹಿಂದೆ ಅವಳಿದ್ದಾಗಲೂ ಇಲ್ಲಿ ಮುಖ ತಿರುಗಿಸಿ ಜೋರಾಗಿ ಹೋಗಿಬಿಡುತ್ತಿದ್ದ.

"ತಪ್ಪು ತಿಳೀಬೇಡಿ ಅಮ್ಮ. ಸಾಹೇಬರು ಒಂದು ದಿನದ ಮಟ್ಟಿಗೆ ಅಂತ ನನ್ನಿಂದ ಒಂದು ಸಾಮಾನು ಈಸ್ಕೊಂಡಿದ್ರು. ಮನೇಲಿ ಸಿಕ್ಕರೆ..."

"ಛತ್ರಿನಾ?"

ಅವನು ಹಲ್ಲು ಕಾಣದಂತೆ ನಕ್ಕ. "ಛತ್ರಿ ಆಗಿದ್ರೆ ಕೇಳ್ತಾನೇ ಇರಲಿಲ್ಲ."

ಒಳಗೆ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಮೇಜಿನ ಮೇಲೆ ಗಂಡನ ಫೋಟೊ, ಅದಕ್ಕೆ ಶವದ ಮೇಲಿದ್ದಂಥದೇ ಹಾರ. ಕೊಳೆಯುತ್ತಿದ್ದ ಹೂವಿನ ವಾಸನೆ ಅವಳ ಗಂಟಲಿಗೆ ಬಂತು. ಫೋಟೊದ ಮುಂದೆ ಪೆಟ್ಟಿಗೆ.

ಛತ್ರಿಯ ಕಡ್ಡಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಹತ್ತಿರ ಬಂದು ಅವಳ ಕೈ ಹಿಡಿದಳು. ಹೆಬ್ಬೆರಳಿನ ತುಂಬ ಸೂಜಿಯ ಗಾಯ. ಅದರ ಮೇಲೆ ಚರ್ಮದ ಸಣ್ಣ ಟೊಪ್ಪಿಗೆ. ಗಂಡನಿಗೆ ಹೆಸರು ತಂದ ಉಪಾಯ ಅದೇ.

"ನಮಗೆ ಹೊಳೆಯೋದೆಲ್ಲ ಅವರಿಗೆ ಮೊದಲೇ ಹೊಳೆದುಬಿಡ್ತಿತ್ತು ಅಮ್ಮ," ಎಂದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. "ಆಮೇಲಾಮೇಲೆ ನಾವು ಯೋಚನೆ ಮಾಡೋದನ್ನೇ ಬಿಟ್ವಿ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ಕಸ ಗುಡಿಸೋರಿಂದ ಹಿಡಿದು ಎಲ್ಲರೂ ಯೋಚಿಸಲಿ ಅಂತ ಈ ಪೆಟ್ಟಿಗೆ ಇಟ್ಟೆ. ತಿಂಗಳಿಗೊಮ್ಮೆ ನಿಮ್ಮೆಲ್ಲರ ಎದುರೇ ತೆಗೀತೀನಿ. ಏನು ಬಂತು ಮಣ್ಣು? ಬರೀ ಒಂದೇ ಕೈಬರಹದ ಚೀಟಿ! ನಿಮಗೂ ತಲೆ ಅಂತ ಇದೆ, ಬಾಚಿಕೊಳ್ಳೋಕೆ. ಅವನು ನೋಡಿ, ಮಹಡಿ ಬಿಟ್ಟು ಕೆಳಗಿಳಿದವನಲ್ಲ. ಹೊಲಿಯೋರ ಹೆಬ್ಬೆರಳಿನ ನೋವು ಅವನಿಗೆ ಹೇಗ್ರೀ ಗೊತ್ತಾಯ್ತು? ಅದಕ್ಕೇ ಪ್ರತಿಭೆ ಅನ್ನೋದು!"

ಮಾತಿನ ಜೊತೆ ಎಂಜಲು ಸಿಡಿದು ಫೋಟೊದ ಗಾಜಿಗೆ ಬಿತ್ತು. ಅದನ್ನು ಅದೇ ಕರ್ಚೀಫಿನಿಂದ ಒರೆಸಿದರು. ಸಾಲಿನಲ್ಲಿದ್ದವರು ನೆಲ ನೋಡಿದರು. ಅವಳಿಗೆ ವಾಕರಿಕೆ ಒತ್ತಿ ಬಂತು. ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದು ಯಾರೋ ಹಿಂದಿನಿಂದ ಲೊಚಗುಟ್ಟಿದರು.

"ಬನ್ನಮ್ಮ, ಚೀಟಿ ಹಾಕಿ. ಪೆಟ್ಟಿಗೆ ಹಳೇದೇ, ಬೀಗವೂ ಹಳೇದೇ. ಬಣ್ಣ ಮಾತ್ರ ಹೊಡೆಸಿದೀನಿ. ಅದೃಷ್ಟದ ಪೆಟ್ಟಿಗೆ ಇದು, ಬದಲಾಯಿಸಬಾರದು."

ಸಭೆಗೆಂದು ಚಹಾದ ತಟ್ಟೆ ಹಿಡಿದು ಬಂದ ಗಾಡಿಯವನು ಬಾಗಿಲಲ್ಲೇ ನಿಂತಿದ್ದ.

ಅವಳು ಪೆಟ್ಟಿಗೆಯ ಮುಂದೆ ನಿಂತಳು. ಒಂದು ಚೀಟಿ ಹಾಕಿದರಾಯಿತು. ಕುರ್ಚಿ ಸಿಗುತ್ತದೆ, ಸೂರು ಉಳಿಯುತ್ತದೆ, ಅತ್ತೆ ಆ ನಲ್ಲಿಯ ಕೆಳಗೇ ಪಾತ್ರೆ ತೊಳೆದುಕೊಂಡಿರುತ್ತಾರೆ. ಫೋಟೊದಲ್ಲಿ ಗಂಡ ನಗುತ್ತಿದ್ದ. ಕೆನ್ನೆ ನುಣ್ಣಗಿತ್ತು. ಆ ಕೆನ್ನೆಗೆ ಮುತ್ತಿಟ್ಟದ್ದು ನೆನಪಾಗಿ ತುಟಿ ಒರೆಸಿಕೊಂಡಳು.

ಯಜಮಾನರು ಕೊಟ್ಟ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಚೀಲಕ್ಕೆ ಕೈ ಹಾಕಿದಳು.

ನೀಲಿ ದಾರದ ಬೀಗದ ಕೈ ಪೆಟ್ಟಿಗೆಯ ಬೀಗದೊಳಕ್ಕೆ ಸಲೀಸಾಗಿ ಹೋಯಿತು, ದಿನಾ ಬೆಳಿಗ್ಗೆ ತಿರುಗಿ ರೂಢಿಯಾದಂತೆ ತಿರುಗಿತು. ಮುಚ್ಚಳ ತೆರೆದುಕೊಂಡಿತು.

ಯಜಮಾನರ ಬಾಯಿ ತೆರೆದೇ ಇತ್ತು. "ಇದು... ಇದರ ಎರಡನೇ ಬೀಗದ ಕೈ! ಇದನ್ನ ಆ ಕಾವಲುಗಾರ ಕಳೆದಿದ್ದ! ಅದಕ್ಕೇ ಅಲ್ವಾ ಅವನನ್ನ ಓಡಿಸಿದ್ದು?"

ಅವಳು ಬಾಗಿಲವರೆಗೆ ನಡೆದುಹೋಗಿ, ಚಹಾದ ತಟ್ಟೆಯಲ್ಲಿ, ಲೋಟಗಳ ನಡುವೆ ಬೀಗದ ಕೈಯನ್ನಿಟ್ಟಳು.

"ತಗೊಳ್ಳಿ. ಒಂದು ದಿನದ ಮಟ್ಟಿಗೆ ಅಂತ ಈಸ್ಕೊಂಡಿದ್ದು, ಗಡ್ಡದ ಡಬ್ಬೀಲಿತ್ತು."