ಅಕ್ಕಿ ಡಬ್ಬದ ಕಡತ

ಕುಸಿದುಬಿದ್ದ ಸೇತುವೆಯ ಮೂಲ ಕಡತವನ್ನು ಒಂಬತ್ತು ವರ್ಷ ಮನೆಯ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಕಳಪೆ ಕಾಮಗಾರಿಗೆ ಒಪ್ಪಿಗೆ ಕೊಟ್ಟ ಮಂತ್ರಿಯ ಸಹಿ ಇದ್ದದ್ದು ಅದೊಂದರಲ್ಲೇ. ಒಬ್ಬನೇ ಕೋರ್ಟಿಗೆ ಹೋಗುವ ಧೈರ್ಯ ಈ ನಿವೃತ್ತ ಗುಮಾಸ್ತನಿಗೆ ಇರಲಿಲ್ಲ.

"ಮೊದಲು ಸಿನಿಮಾ ಬರಲಿ ಸರ್, ಜನ ಬೀದಿಗಿಳೀತಾರೆ. ಆಮೇಲೆ ಇಬ್ರೂ ಸೇರಿ ಕೋರ್ಟಿಗೆ ಕೊಡೋಣ" ಅಂತ ಆ ದುರಂತದ ಮೇಲೆ ಸಿನಿಮಾ ಮಾಡಹೊರಟಿದ್ದ ನಿರ್ದೇಶಕನೊಬ್ಬ ಮನೆಗೆ ಬಂದು ನನ್ನ ಕಾಲು ಮುಟ್ಟಿದ. ಕಡತ ಕೊಟ್ಟೆ.

ಮೊದಲ ಪ್ರದರ್ಶನಕ್ಕೆ ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಎರಡು ಹಾಡು, ಮೂರು ಹೊಡೆದಾಟ ಮುಗಿದರೂ ತೆರೆಯ ಮೇಲೆ ಮಂತ್ರಿಯ ಪಾತ್ರವೇ ಬರಲಿಲ್ಲ. ತಪ್ಪೆಲ್ಲ ಒಬ್ಬ ಗುತ್ತಿಗೆದಾರನದು. ಹಿಂದಿನ ಸೀಟಿನಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು.

"ಮಂತ್ರಿ ಎಲ್ಲಪ್ಪಾ?" ಎಂದೆ.

"ಕಥೆಗೆ ಭಾರ ಆಗ್ತಿತ್ತು ಸರ್. ಕ್ಲೈಮ್ಯಾಕ್ಸ್ ನೋಡಿ."

ಕ್ಲೈಮ್ಯಾಕ್ಸಿನಲ್ಲಿ ಗುತ್ತಿಗೆದಾರ ಕಡತಕ್ಕೆ ಬೆಂಕಿ ಹಚ್ಚಿದ. ಹಾಳೆಗಳು ತೆರೆಯ ತುಂಬ ಸುರುಳಿ ಸುತ್ತಿಕೊಂಡು ಕಪ್ಪಾದವು. ಒಂದರ ಅಂಚಿನಲ್ಲಿ ನಾನೇ ಚೆಲ್ಲಿದ್ದ ಕಾಫಿಯ ಕಲೆ, ಅದರ ಕೆಳಗೆ ನನ್ನ ಟಿಪ್ಪಣಿ. ಮೂವತ್ತೆರಡು ವರ್ಷ ಬರೆದ ಅಕ್ಷರ ನನಗೆ ಗೊತ್ತಾಗದೇ?

"ಸುಟ್ಟಿದ್ದು ನಕಲು ತಾನೇ?" ಎಂದು ಅವನ ತೋಳು ಹಿಡಿದೆ.

"ನಕಲು ಕ್ಯಾಮೆರಾದಲ್ಲಿ ಗೊತ್ತಾಗಿಬಿಡುತ್ತೆ ಸರ್" ಎಂದ, ತೆರೆಯಿಂದ ಕಣ್ಣು ತೆಗೆಯದೆ. "ಮುಹೂರ್ತದ ದಿನ ತೆಗೆದ ಮೊದಲ ಶಾಟೇ ಇದು. ಬಂದು ಕ್ಲಾಪ್ ಮಾಡಿದ್ದು ಮಂತ್ರಿಗಳೇ."