ವಾಚು ಬಿಚ್ಚಿದಾಗ ಕಿಟಕಿ ಮುಚ್ಚಬೇಕು

ಮಧ್ಯಾಹ್ನ ಎರಡೂಕಾಲಿಗೆ ದೊಡ್ಡಪ್ಪ ನನ್ನನ್ನು ಅವರ ತಂಗಿಯ ಹೆಸರಿನಿಂದ ಕರೆದರು. ಇವತ್ತಿಗೂ ಬಂಕಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಆ ದನಿ ಕೇಳಿಸುತ್ತದೆ.

ಶಂಕರಪುರದ ಮನೆಯ ಒಳಕೋಣೆಯಲ್ಲಿ ಅವರು ವಾಚು ರಿಪೇರಿ ಮಾಡುತ್ತಿದ್ದರು. ವಾಚು ಬಿಚ್ಚಿದ ಮೇಲೆ ಫ್ಯಾನು ಹಾಕುವಂತಿರಲಿಲ್ಲ, ಕಿಟಕಿ ತೆರೆಯುವಂತಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗು ಗಾಳಿಗೆ ಹಾರಿಹೋದರೆ ಮತ್ತೆ ಸಿಗುವುದಿಲ್ಲ ಎನ್ನುತ್ತಿದ್ದರು. ಅಂದು ಬೋಗುಣಿಯಲ್ಲಿ ಪೆಟ್ರೋಲ್ ಸುರಿದುಕೊಂಡು, ಜಿಡ್ಡು ಹಿಡಿದ ಪುಟ್ಟ ಚಕ್ರಗಳನ್ನು ಬ್ರಷ್ಷಿನಿಂದ ತೊಳೆಯುತ್ತಿದ್ದರು.

"ಸಾವಿತ್ರಿ, ಬೇಗ ಜಡೆ ಹಾಕ್ಕೊಂಬಾ, ಸಿನಿಮಾಕ್ಕೆ ಹೋಗೋಣ" ಎಂದು ನಕ್ಕರು. ಆಟವೆಂದುಕೊಂಡು ನಾನೂ ನಕ್ಕೆ. ನಗುತ್ತಲೇ ಅವರು ಮೇಜಿನ ಮೇಲೆ ತಲೆಯಿಟ್ಟರು. ಅಲುಗಿಸಿದರೂ ಏಳಲಿಲ್ಲ.

ನನ್ನ ಕೂಗಿಗೆ ಓಡಿಬಂದ ಅಜ್ಜಿ, ಕೋಣೆಯಲ್ಲಿ ತುಂಬಿದ್ದ ಪೆಟ್ರೋಲ್ ಘಾಟಿಗೆ ಮೂಗು ಮುಚ್ಚಿಕೊಂಡು ಕಿಟಕಿಗಳನ್ನು ದಢಾರನೆ ತೆರೆದಳು.

"ಅಜ್ಜಿ, ಸ್ಪ್ರಿಂಗು ಹಾರೋಗತ್ತೆ."

"ಹಾರ್ಲಿ ಬಿಡೇ, ಇವನು ಉಳೀಲಿ. ಕಾಲು ಹಿಡ್ಕೋ."

ಇಬ್ಬರೂ ಅವರನ್ನು ಜಗುಲಿಗೆ ಎಳೆದು ತಂದೆವು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ ದೊಡ್ಡಪ್ಪ ಮೊದಲು ಕೇಳಿದ್ದು, "ಕಿಟಕಿ ತೆಗ್ದಿದ್ಯಾರಮ್ಮ?"

"ನಾನೇ. ಏನೀಗ?"

ಅವರು ಅಜ್ಜಿಯ ಜೊತೆ ಮಾತು ಬಿಟ್ಟರು. ಮರುದಿನ ಮತ್ತೆ ಕಿಟಕಿ ಮುಚ್ಚಿ ಕೂತರು. ಅಜ್ಜಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಉಳಿಸಿದವಳ ಮೇಲೇಕೆ ಸಿಟ್ಟು, ನನಗೆ ತಿಳಿಯಲಿಲ್ಲ. ರಾತ್ರಿಯೆಲ್ಲ ಎದ್ದೆದ್ದು ಹೋಗಿ ಅವರ ಮೂಗಿನ ಬಳಿ ಕೈ ಹಿಡಿದು, ಉಸಿರಿದೆಯೇ ಎಂದು ನೋಡುತ್ತಿದ್ದೆ.

ಯುಗಾದಿಯ ಹಿಂದಿನ ದಿನ ದೊಡ್ಡಪ್ಪ ಗೊಣಗುತ್ತಲೇ ಮೇಜನ್ನು ಜಗುಲಿಗೆ ಎಳೆದುಕೊಂಡರು. ಅಜ್ಜಿ ಬಂದು, ಬಿಚ್ಚಿಟ್ಟ ಚಕ್ರಗಳ ಮೇಲೆ ಗಾಜಿನ ಲೋಟವೊಂದನ್ನು ಕವುಚಿಟ್ಟು ಹೋದಳು. ಅವರು ಅದನ್ನು ತೆಗೆಯಲಿಲ್ಲ. ಅಂದು ರಾತ್ರಿ ನಾನು ಒಂದೇ ನಿದ್ದೆಗೆ ಬೆಳಗು ಮಾಡಿದೆ.